ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಹೊಸಬರು ಯಾವ ಡಿಸ್ಟ್ರೋ ಆರಿಸಬೇಕು? ಹೇಗೆ ಹಾಕಿಕೊಳ್ಳಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಗಡುವು ಸಿಕ್ಕಿದೆ. ಆದರೆ ವಿಂಡೋಸ್ 11 ಹಾಕಿಕೊಳ್ಳಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನ ಏಳನೇ ಪೀಳಿಗೆಯ ಅಥವಾ ಅದಕ್ಕಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳು ಆ ಪಟ್ಟಿಯಲ್ಲಿಲ್ಲ. ಕೀಬೋರ್ಡ್, ಪರದೆ ಎಲ್ಲವೂ ಸರಿಯಾಗಿರುವ ಲ್ಯಾಪ್‌ಟಾಪ್ ಕೂಡ ಹೀಗೆ ‘ಹಳತು’ ಎನಿಸಿಕೊಳ್ಳುತ್ತದೆ.

ಇಂಥ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ನೋಡಬೇಕಾದ ದಾರಿ ಲಿನಕ್ಸ್. ಹಣ ಕೊಡಬೇಕಿಲ್ಲ, ಹಳೆ ಯಂತ್ರದಲ್ಲೂ ಓಡುತ್ತದೆ, ಭದ್ರತಾ ಅಪ್‌ಡೇಟ್‌ಗಳೂ ಸಿಗುತ್ತವೆ. ಆದರೆ ಹುಡುಕಲು ಹೊರಟ ಹೊಸಬರಿಗೆ ಮೊದಲು ಎದುರಾಗುವುದು ಹೆಸರುಗಳ ಸಂತೆ: ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್, ಆರ್ಚ್, ಝೋರಿನ್. ಯಾವುದು ಒಳ್ಳೆಯದು ಎಂದು ಕೇಳಿದರೆ ಹತ್ತು ಮಂದಿಯಿಂದ ಹತ್ತು ಉತ್ತರ. ನಿಜಕ್ಕೂ ಕೇಳಬೇಕಾದ ಪ್ರಶ್ನೆ ಬೇರೆ: ನಮ್ಮ ಯಂತ್ರಕ್ಕೆ, ನಮ್ಮ ಕೆಲಸಕ್ಕೆ ಹೊಂದುವುದು ಯಾವುದು? ಅದಕ್ಕೆ ಉತ್ತರವನ್ನು ಹಾರ್ಡ್ ಡಿಸ್ಕ್ ಮುಟ್ಟದೆಯೇ, ಒಂದು ಪೆನ್‌ಡ್ರೈವ್‌ನಿಂದ ಕಂಡುಕೊಳ್ಳಬಹುದು.

ಲಿನಕ್ಸ್ ಎಂದರೇನು, ಡಿಸ್ಟ್ರೋ ಎಂದರೇನು?

ಫಿನ್‌ಲೆಂಡ್‌ನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯಲು ಆರಂಭಿಸಿದ ಕರ್ನೆಲ್‌ಗೆ ಲಿನಕ್ಸ್ ಎಂದು ಹೆಸರು. ಕರ್ನೆಲ್ ಎಂದರೆ ಪ್ರೊಸೆಸರ್, ಮೆಮೊರಿ, ಡಿಸ್ಕ್, ವೈಫೈ ಮೊದಲಾದವನ್ನು ನಿಭಾಯಿಸುವ ಒಳತಿರುಳು. ಅದೊಂದೇ ಇದ್ದರೆ ಸಾಮಾನ್ಯ ಬಳಕೆದಾರರಿಗೆ ಉಪಯೋಗವಿಲ್ಲ. ಅದರ ಮೇಲೆ ಮೂಲ ಸಾಧನಗಳು, ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್, ಬ್ರೌಸರ್, ಆಫೀಸ್ ತಂತ್ರಾಂಶ, ಹೊಸ ತಂತ್ರಾಂಶ ತರಿಸಿಕೊಳ್ಳುವ ವ್ಯವಸ್ಥೆ ಎಲ್ಲವೂ ಬೇಕು. ಮೂಲ ಸಾಧನಗಳಲ್ಲಿ ಬಹಳಷ್ಟು ಬಂದದ್ದು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ. ಇವನ್ನೆಲ್ಲ ಒಟ್ಟುಗೂಡಿಸಿ, ಪರೀಕ್ಷಿಸಿ, ಅಪ್‌ಡೇಟ್ ಕೊಡುತ್ತಾ ಹೋಗುವ ಪೂರ್ಣ ಕಟ್ಟಿಗೆ ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಡಿಸ್ಟ್ರೋ ಎನ್ನುತ್ತಾರೆ.

ಅಕ್ಕಿ ಒಂದೇ ಆದರೂ ಚಿತ್ರಾನ್ನ, ಪುಳಿಯೋಗರೆ, ಬಿಸಿಬೇಳೆಬಾತ್ ಬೇರೆ ಬೇರೆಯಾಗುವಂತೆ ಇದು. ಕರ್ನೆಲ್ ಎಲ್ಲ ಡಿಸ್ಟ್ರೋಗಳಲ್ಲೂ ಲಿನಕ್ಸೇ. ವ್ಯತ್ಯಾಸ ಇರುವುದು ಮುಖ್ಯವಾಗಿ ಮೂರು ವಿಷಯಗಳಲ್ಲಿ: ಡೆಸ್ಕ್‌ಟಾಪ್‌ನ ರೂಪ, ಅಪ್‌ಡೇಟ್‌ನ ವೇಗ, ಬೆಂಬಲದ ಅವಧಿ.

ಲಿನಕ್ಸ್ ಭಾರತಕ್ಕೆ ಹೊಸದೇನಲ್ಲ. ಆಂಡ್ರಾಯ್ಡ್ ಫೋನ್‌ಗಳ ಒಳಗಿರುವುದು ಲಿನಕ್ಸ್ ಕರ್ನೆಲ್. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ವರ್ಷಗಳಿಂದ ಲಿನಕ್ಸ್ ಬಳಕೆಯಲ್ಲಿದೆ. ಕೇಂದ್ರ ಸರ್ಕಾರದ ಸಿ-ಡಾಕ್ ಸಂಸ್ಥೆ ಡೆಬಿಯನ್ ಆಧಾರದ ಮೇಲೆ ‘ಬಾಸ್’ ಎಂಬ ಡಿಸ್ಟ್ರೋ ರೂಪಿಸಿದ್ದು, ಅದರಲ್ಲಿ ಭಾರತೀಯ ಭಾಷೆಗಳ ಬೆಂಬಲವಿದೆ.

ಆರಿಸುವ ಮೊದಲು ಮೂರು ಪ್ರಶ್ನೆಗಳು

*ಒಂದು, ಯಂತ್ರ ಎಂಥದ್ದು?* ಮೊದಲು ರ್‍ಯಾಮ್ ಎಷ್ಟಿದೆ ನೋಡಿ. 8 ಜಿಬಿ ಇದ್ದರೆ ಯಾವ ಡಿಸ್ಟ್ರೋ ಆದರೂ ಆರಾಮವಾಗಿ ಓಡುತ್ತದೆ. 4 ಜಿಬಿ ಇದ್ದರೆ ಹಗುರ ಡೆಸ್ಕ್‌ಟಾಪ್ ಇರುವುದು ಒಳಿತು. 2 ಜಿಬಿಯಲ್ಲಿ ಲಿನಕ್ಸ್ ಏಳುತ್ತದೆ, ಆದರೆ ಬ್ರೌಸರ್‌ನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. ಅದು ಲಿನಕ್ಸ್‌ನ ದೋಷವಲ್ಲ, ಇಂದಿನ ವೆಬ್‌ಸೈಟ್‌ಗಳ ಭಾರ.

ಪ್ರೊಸೆಸರ್ 64 ಬಿಟ್‌ನದ್ದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. 32 ಬಿಟ್ ಯಂತ್ರಗಳಿಗೆ ದೊಡ್ಡ ಡಿಸ್ಟ್ರೋಗಳು ಬಾಗಿಲು ಮುಚ್ಚುತ್ತಾ ಬಂದಿವೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ.

ಹಳೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಡಿಸ್ಟ್ರೋ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಅದನ್ನು ಎಸ್‌ಎಸ್‌ಡಿಗೆ ಬದಲಾಯಿಸುವ ಲೆಕ್ಕ ಹಾಕುವುದು ಲಾಭ. ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್, ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಇದು ಸಾಮಾನ್ಯ ಕೆಲಸ. ಹಳೆ ಯಂತ್ರದ ವೇಗದಲ್ಲಿ ಎಸ್‌ಎಸ್‌ಡಿ ತರುವ ವ್ಯತ್ಯಾಸವನ್ನು ಯಾವ ಡಿಸ್ಟ್ರೋ ಕೂಡ ತರಲಾರದು. ಇನ್ನೊಂದು ಅನುಕೂಲವೂ ಇದೆ: ಹಳೆ ಡಿಸ್ಕನ್ನು ಹಾಗೆಯೇ ತೆಗೆದಿಟ್ಟುಕೊಂಡರೆ ಅದರಲ್ಲಿರುವ ವಿಂಡೋಸ್ ಮತ್ತು ಫೈಲ್‌ಗಳು ಸುರಕ್ಷಿತ.

*ಎರಡು, ಕೆಲಸ ಏನು?* ಬ್ರೌಸಿಂಗ್, ಇಮೇಲ್, ನೆಟ್ ಬ್ಯಾಂಕಿಂಗ್, ವಿಡಿಯೋ ನೋಡುವುದು, ಪಾಠ, ಬರವಣಿಗೆ, ಪ್ರೋಗ್ರಾಮಿಂಗ್ ಇವೆಲ್ಲಕ್ಕೂ ಲಿನಕ್ಸ್ ಸಾಕು. ಫೈರ್‌ಫಾಕ್ಸ್, ಕ್ರೋಮ್, ವಿಎಲ್‌ಸಿ, ಝೂಮ್ ಲಿನಕ್ಸ್‌ನಲ್ಲೂ ಸಿಗುತ್ತವೆ. ವಾಟ್ಸ್ಆ್ಯಪ್ ಬ್ರೌಸರ್‌ನಲ್ಲಿ ತೆರೆಯುತ್ತದೆ. ವರ್ಡ್, ಎಕ್ಸೆಲ್ ಫೈಲ್‌ಗಳನ್ನು ಲಿಬ್ರೆಆಫೀಸ್ ತೆರೆಯುತ್ತದೆ. ಆದರೆ ಸಂಕೀರ್ಣ ಮ್ಯಾಕ್ರೋ ಇರುವ ಎಕ್ಸೆಲ್ ಹಾಳೆ ಅಥವಾ ಬಿಗಿಯಾದ ಪುಟವಿನ್ಯಾಸದ ವರ್ಡ್ ಫೈಲ್ ಅದರಲ್ಲಿ ಅಲ್ಲಲ್ಲಿ ಅಸ್ತವ್ಯಸ್ತವಾಗಬಹುದು.

ಇಲ್ಲಿ ಯಾರೂ ಮುಚ್ಚಿಡಬಾರದ ಮಾತೊಂದಿದೆ. ಟ್ಯಾಲಿ, ಫೋಟೋಶಾಪ್, ಮೈಕ್ರೋಸಾಫ್ಟ್ ಆಫೀಸ್‌ನ ಡೆಸ್ಕ್‌ಟಾಪ್ ಆವೃತ್ತಿ ನೇರವಾಗಿ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಜಿಎಸ್‌ಟಿ, ಆದಾಯ ತೆರಿಗೆ, ಟೆಂಡರ್ ಕೆಲಸಕ್ಕೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಟೋಕನ್ ಕೊಟ್ಟವರನ್ನೇ ಕೇಳಬೇಕು. ಮಕ್ಕಳ ಆನ್‌ಲೈನ್ ಪರೀಕ್ಷೆಗೆ ಬೇಕಾಗುವ ನಿಗಾ ತಂತ್ರಾಂಶಗಳಲ್ಲಿ ಕೆಲವು ವಿಂಡೋಸ್ ಅಥವಾ ಮ್ಯಾಕ್‌ಗೆ ಮಾತ್ರ ಇವೆ. ಹೊಟ್ಟೆಪಾಡು ಇಂಥ ತಂತ್ರಾಂಶದ ಮೇಲೆ ನಿಂತಿದ್ದರೆ ವಿಂಡೋಸ್ ತೆಗೆಯಬಾರದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ದಾರಿಯನ್ನು ಮುಂದೆ ನೋಡಬಹುದು.

*ಮೂರು, ತೊಂದರೆ ಬಂದರೆ ಕೇಳುವುದು ಯಾರನ್ನು?* ಹೆಚ್ಚು ಜನ ಬಳಸುವ ಡಿಸ್ಟ್ರೋಗೆ ಉತ್ತರವೂ ಬೇಗ ಸಿಗುತ್ತದೆ. ಮನೆಯಲ್ಲಿ, ಕಚೇರಿಯಲ್ಲಿ, ಪಕ್ಕದ ಫ್ಲ್ಯಾಟ್‌ನಲ್ಲಿ ಯಾರಾದರೂ ಈಗಾಗಲೇ ಒಂದು ಡಿಸ್ಟ್ರೋ ಬಳಸುತ್ತಿದ್ದರೆ ಅದನ್ನೇ ಆರಿಸುವುದು ಜಾಣತನ. ಅಕ್ಷರಶಃ ಕೈಗೆಟುಕುವ ನೆರವು ಯಾವ ವಿಮರ್ಶೆಗಿಂತಲೂ ದೊಡ್ಡದು.

ಯಾರಿಗೆ ಯಾವುದು?

*ಲಿನಕ್ಸ್ ಮಿಂಟ್:* 2006ರಲ್ಲಿ ಆರಂಭವಾದ ಮಿಂಟ್, ವಿಂಡೋಸ್‌ನಿಂದ ಬರುವವರಿಗೆ ಸುಲಭವಾಗಿ ಒಗ್ಗುತ್ತದೆ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲದಲ್ಲಿ ಗಡಿಯಾರ ಎಲ್ಲವೂ ಪರಿಚಿತ ಜಾಗದಲ್ಲೇ ಇವೆ. ಇದು ಉಬುಂಟುವಿನ ದೀರ್ಘಾವಧಿ ಆವೃತ್ತಿಯ ಮೇಲೆ ಕಟ್ಟಿದ್ದು. 22ನೇ ಸರಣಿಗೆ 2029ರವರೆಗೆ ಬೆಂಬಲವಿದೆ. ಇದರಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ಡೆಸ್ಕ್‌ಟಾಪ್‌ಗಳಿವೆ. 8 ಜಿಬಿ ರ್‍ಯಾಮ್ ಇದ್ದರೆ ಸಿನಮನ್, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಎಂದು ಲೆಕ್ಕ ಹಾಕಿಕೊಳ್ಳಬಹುದು. ಮನೆಯ ಹಿರಿಯರು ಬಳಸುವ ಯಂತ್ರಕ್ಕೆ ಇದು ಒಳ್ಳೆಯ ಆಯ್ಕೆ.

*ಉಬುಂಟು:* ಕೆನಾನಿಕಲ್ ಸಂಸ್ಥೆ 2004ರಿಂದ ರೂಪಿಸುತ್ತಿರುವ ಡಿಸ್ಟ್ರೋ. ಸಮ ಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ದೀರ್ಘಾವಧಿ ಆವೃತ್ತಿ ಬರುತ್ತದೆ. ಅದರ ಹೆಸರಿನ ಮುಂದೆ ಎಲ್‌ಟಿಎಸ್ ಎಂದಿರುತ್ತದೆ, 5 ವರ್ಷ ಅಪ್‌ಡೇಟ್ ಸಿಗುತ್ತದೆ. ನಡುವೆ ಬರುವ ಇತರ ಆವೃತ್ತಿಗಳಿಗೆ 9 ತಿಂಗಳ ಬೆಂಬಲ ಮಾತ್ರ. ಹೊಸಬರು ಎಲ್‌ಟಿಎಸ್ ಅನ್ನೇ ಆರಿಸಬೇಕು. ಡೆಸ್ಕ್‌ಟಾಪ್ ವಿಂಡೋಸ್‌ಗಿಂತ ತುಸು ಭಿನ್ನ, ರ್‍ಯಾಮ್ ಹೆಚ್ಚು ಕೇಳುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಪ್ರೋಗ್ರಾಮಿಂಗ್ ಕಲಿಯುವವರಿಗೆ ಅನುಕೂಲ. ಏಕೆಂದರೆ ಬಹುತೇಕ ಪಾಠಗಳಲ್ಲಿ ಉಬುಂಟುವಿನ ಉದಾಹರಣೆಯೇ ಇರುತ್ತದೆ.

*ಝೋರಿನ್ ಓಎಸ್:* ಐರ್ಲೆಂಡ್‌ನಲ್ಲಿ ರೂಪುಗೊಂಡ, ಉಬುಂಟು ಆಧಾರಿತ ಡಿಸ್ಟ್ರೋ. ನೋಟವನ್ನು ವಿಂಡೋಸ್‌ನಂತೆ ಒಂದೇ ಕ್ಲಿಕ್‌ನಲ್ಲಿ ಬದಲಿಸಿಕೊಳ್ಳಬಹುದು. ಹಣ ಕೊಟ್ಟು ಪಡೆಯುವ ಪ್ರೋ ಆವೃತ್ತಿ ಇದ್ದರೂ ಉಚಿತ ಕೋರ್ ಆವೃತ್ತಿ ಸಾಮಾನ್ಯ ಬಳಕೆಗೆ ಸಾಕು.

*ಫೆಡೋರಾ:* ಹೊಸ ತಂತ್ರಾಂಶ ಬೇಗ ಬರುತ್ತದೆ. ಸುಮಾರು 6 ತಿಂಗಳಿಗೊಮ್ಮೆ ಹೊಸ ಆವೃತ್ತಿ, ಒಂದೊಂದಕ್ಕೂ ಸುಮಾರು 13 ತಿಂಗಳ ಬೆಂಬಲ. ಅಂದರೆ ವರ್ಷಕ್ಕೊಮ್ಮೆಯಾದರೂ ಆವೃತ್ತಿ ಏರಿಸಲೇಬೇಕು. ತೀರಾ ಹೊಸ ಲ್ಯಾಪ್‌ಟಾಪ್‌ಗೆ ಚೆನ್ನ, ‘ಒಮ್ಮೆ ಹಾಕಿ ಮರೆತುಬಿಡುವ’ ಮನೆ ಯಂತ್ರಕ್ಕೆ ಅಷ್ಟಾಗಿ ಹೊಂದದು.

*ಡೆಬಿಯನ್, ಆರ್ಚ್:* 1993ರಲ್ಲಿ ಹುಟ್ಟಿದ ಡೆಬಿಯನ್ ಅತ್ಯಂತ ಸ್ಥಿರ, ಉಬುಂಟುವಿನ ತಾಯಿಬೇರು. ಸ್ವಲ್ಪ ಅನುಭವವಾದ ಮೇಲೆ ಒಳ್ಳೆಯದು. ಆರ್ಚ್ ತನ್ನನ್ನು ತಾನೇ ಕಟ್ಟಿಕೊಳ್ಳುವವರಿಗಾಗಿ ಇರುವಂಥದ್ದು. ಕಲಿಯುವ ಹಂಬಲವಿದ್ದವರಿಗೆ ಸೊಗಸು, ಮನೆಯ ಏಕೈಕ ಲ್ಯಾಪ್‌ಟಾಪ್ ಮೇಲೆ ಮೊದಲ ಪ್ರಯೋಗಕ್ಕೆ ಬೇಡ.

ಯಾವುದೂ ನಿರ್ಧಾರವಾಗದಿದ್ದರೆ ಮಿಂಟ್‌ನಿಂದ ಆರಂಭಿಸಿದರೆ ತಪ್ಪಿಲ್ಲ. ಡಿಸ್ಟ್ರೋ ಮದುವೆಯಲ್ಲ, ಬಾಡಿಗೆ ಮನೆ. ಒಗ್ಗದಿದ್ದರೆ ಸಾಮಾನು ಎತ್ತಿಕೊಂಡು ಇನ್ನೊಂದಕ್ಕೆ ಹೋಗಬಹುದು. ಸಾಮಾನು ಅಂದರೆ ನಿಮ್ಮ ಫೈಲ್‌ಗಳು ಮಾತ್ರ ಭದ್ರವಾಗಿರಬೇಕು.

ಮೊದಲ ಕೆಲಸ ಬ್ಯಾಕಪ್

ಲಿನಕ್ಸ್ ಹಾಕುವಾಗ ಹೊಸಬರು ಕಳೆದುಕೊಳ್ಳುವುದು ಹಣವನ್ನಲ್ಲ, ಫೋಟೋಗಳನ್ನು. ಮಗುವಿನ ಮೊದಲ ಹುಟ್ಟುಹಬ್ಬ, ಊರಿನ ಮನೆಯ ಹಳೆ ಚಿತ್ರ, ಸ್ಕ್ಯಾನ್ ಮಾಡಿಟ್ಟ ಜಮೀನಿನ ಪತ್ರ, ತೆರಿಗೆ ರಿಟರ್ನ್ ಎಲ್ಲವೂ ಇರುವ ಡಿಸ್ಕ್ ಒಂದು ತಪ್ಪು ಕ್ಲಿಕ್‌ನಲ್ಲಿ ಖಾಲಿಯಾಗಬಹುದು. ಹಾಗಾಗಿ ಈ ಹಂತವನ್ನು ಬಿಡುವಂತಿಲ್ಲ.

ಹೊರಗಿನ ಹಾರ್ಡ್ ಡಿಸ್ಕ್‌ಗೆ ಎಲ್ಲವನ್ನೂ ನಕಲು ಮಾಡಿ. ನಕಲಾದ ಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರ್‌ಗೆ ಸಿಕ್ಕಿಸಿ ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಿ ಡ್ರೈವ್ ಇವನ್ನು ಮರೆಯಬಾರದು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಮತ್ತು ಬುಕ್‌ಮಾರ್ಕ್‌ಗಳು ನಿಮ್ಮ ಖಾತೆಗೆ ಸಿಂಕ್ ಆಗಿವೆಯೇ ಪರಿಶೀಲಿಸಿ.

ಕನ್ನಡ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ನುಡಿ ಅಥವಾ ಬರಹದಲ್ಲಿ ಹಿಂದೆ ಟೈಪ್ ಮಾಡಿದ ಅನೇಕ ಫೈಲ್‌ಗಳು ಯೂನಿಕೋಡ್‌ನಲ್ಲಿ ಇರುವುದಿಲ್ಲ, ಆಯಾ ಫಾಂಟ್‌ಗೆ ಕಟ್ಟುಬಿದ್ದಿರುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಇನ್ನೊಂದು ಪ್ರತಿಯನ್ನು ಪಿಡಿಎಫ್ ಆಗಿಯೂ ಇಟ್ಟುಕೊಂಡರೆ ಮುಂದೆ ಪರದಾಟವಿಲ್ಲ.

ಪೆನ್‌ಡ್ರೈವ್ ಸಿದ್ಧಪಡಿಸುವುದು

ಬೇಕಾಗುವುದು 8 ಜಿಬಿ ಅಥವಾ ಹೆಚ್ಚಿನ ಒಂದು ಪೆನ್‌ಡ್ರೈವ್. ಅದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಖಾಲಿ ಮಾಡಿಕೊಳ್ಳಿ. ಡಿಸ್ಟ್ರೋದ ಐಎಸ್‌ಒ ಫೈಲನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಮಿಂಟ್ ಸುಮಾರು 3 ಜಿಬಿ, ಉಬುಂಟು ಸುಮಾರು 6 ಜಿಬಿ ಇರುತ್ತದೆ. ಹಾಗಾಗಿ ಮೊಬೈಲ್ ಡೇಟಾಕ್ಕಿಂತ ಮನೆಯ ಬ್ರಾಡ್‌ಬ್ಯಾಂಡ್ ಒಳಿತು.

ಇಳಿಸಿದ ಫೈಲ್ ಸರಿಯಾಗಿದೆಯೇ ಎಂದು ನೋಡಲು ತಾಣದಲ್ಲಿ ಚೆಕ್‌ಸಮ್ ಎಂಬ ಉದ್ದನೆಯ ಅಕ್ಷರ-ಅಂಕಿಗಳ ಸಾಲು ಕೊಟ್ಟಿರುತ್ತಾರೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿರುವ ‘ಗೆಟ್-ಫೈಲ್‌ಹ್ಯಾಶ್’ ಆಜ್ಞೆಯಿಂದ ನಿಮ್ಮ ಫೈಲ್‌ನ ಸಾಲನ್ನು ತೆಗೆದು ಎರಡನ್ನೂ ಹೋಲಿಸಬಹುದು. ಇದು ಅತಿ ಎಚ್ಚರಿಕೆಯಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ತಾಣಕ್ಕೇ ನುಗ್ಗಿದ ಹ್ಯಾಕರ್‌ಗಳು ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಹಿಂಬಾಗಿಲು ಇರುವ ನಕಲಿ ಐಎಸ್‌ಒ ಸಿಗುವಂತೆ ಮಾಡಿದ್ದರು. ಹೋಲಿಸಿ ನೋಡಿದವರಿಗೆ ಮೋಸ ಗೊತ್ತಾಗುತ್ತಿತ್ತು.

ಐಎಸ್‌ಒವನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್ ಅಥವಾ ಬಲೇನಾ ಎಚ್ಚರ್ ಎಂಬ ಉಚಿತ ತಂತ್ರಾಂಶದಿಂದ ಬರೆಯಬೇಕು. ಬರೆಯುವ ಮುನ್ನ ಆರಿಸಿದ ಡ್ರೈವ್ ಪೆನ್‌ಡ್ರೈವೇ ಹೌದೇ, ಬ್ಯಾಕಪ್ ಇಟ್ಟ ಹಾರ್ಡ್ ಡಿಸ್ಕ್ ಅಲ್ಲವೇ ಎಂದು ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ. ಬ್ಯಾಕಪ್ ಡಿಸ್ಕನ್ನು ಆ ಹೊತ್ತಿಗೆ ಕಿತ್ತಿಡುವುದೇ ಲೇಸು.

ಹಾಕದೆಯೇ ಓಡಿಸಿ ನೋಡಿ

ಪೆನ್‌ಡ್ರೈವ್ ಸಿಕ್ಕಿಸಿ ಯಂತ್ರವನ್ನು ಮರುಚಾಲನೆ ಮಾಡುವಾಗ ಬೂಟ್ ಮೆನು ಕೀ ಒತ್ತಬೇಕು. ಸಾಮಾನ್ಯವಾಗಿ ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್ ಅಥವಾ ಎಫ್8. ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿದರೆ ಲಿನಕ್ಸ್ ನೇರವಾಗಿ ಪೆನ್‌ಡ್ರೈವ್‌ನಿಂದಲೇ ಏಳುತ್ತದೆ. ಇದಕ್ಕೆ ಲೈವ್ ಸೆಷನ್ ಎನ್ನುತ್ತಾರೆ. ಇನ್‌ಸ್ಟಾಲ್ ಒತ್ತುವವರೆಗೆ ನಿಮ್ಮ ವಿಂಡೋಸ್ ಹಾಗೇ ಇರುತ್ತದೆ. ಪೆನ್‌ಡ್ರೈವ್‌ನಿಂದ ಓಡುವುದರಿಂದ ವೇಗ ತುಸು ಕಡಿಮೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇಲ್ಲಿ ಅವಸರ ಬೇಡ. ಒಂದು ಸಂಜೆ ಪೂರ್ತಿ ಬಳಸಿ ಈ ಪಟ್ಟಿಯನ್ನು ಪರೀಕ್ಷಿಸಿ:

- ವೈಫೈ ಸಿಗುತ್ತಿದೆಯೇ? ಬ್ಲೂಟೂತ್?
- ಸ್ಪೀಕರ್, ಮೈಕ್, ಕ್ಯಾಮೆರಾ ಕೆಲಸ ಮಾಡುತ್ತಿವೆಯೇ?
- ಟಚ್‌ಪ್ಯಾಡ್, ಪರದೆಯ ಬೆಳಕು ಏರಿಸುವ-ಇಳಿಸುವ ಕೀಗಳು?
- ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಸರಿಯಾಗಿ ಎಚ್ಚರಗೊಳ್ಳುತ್ತದೆಯೇ?
- ಮನೆಯ ಪ್ರಿಂಟರ್‌ನಿಂದ ಒಂದು ಪುಟ ಮುದ್ರಣವಾಗುತ್ತದೆಯೇ?
- ಕನ್ನಡ ಸುದ್ದಿ ಪುಟ ತೆರೆದರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತಿವೆಯೇ?
- ನಿಮ್ಮ ಬ್ಯಾಂಕ್, ಕಚೇರಿ, ಶಾಲೆಯ ತಾಣಗಳು ತೆರೆಯುತ್ತವೆಯೇ?

ವೈಫೈ ಸಿಗದಿದ್ದರೆ ಗಾಬರಿ ಬೇಡ. ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳಿಗೆ ಡ್ರೈವರ್ ಆಮೇಲೆ ಹಾಕಬೇಕಾಗುತ್ತದೆ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ವೈರ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ತಾತ್ಕಾಲಿಕವಾಗಿ ಇಂಟರ್ನೆಟ್ ಸಿಗುತ್ತದೆ. ಆಗ ಡ್ರೈವರ್ ಇಳಿಸಿಕೊಳ್ಳಬಹುದು. ಎರಡು ಮುಖ್ಯ ಸಂಗತಿಗಳು ಕೈಕೊಟ್ಟರೆ ಮತ್ತೊಂದು ಡಿಸ್ಟ್ರೋವನ್ನು ಅದೇ ಪೆನ್‌ಡ್ರೈವ್‌ಗೆ ಬರೆದು ನೋಡಿ. ಡಿಸ್ಟ್ರೋ ಆಯ್ಕೆಯ ನಿಜವಾದ ತೀರ್ಪು ಸಿಗುವುದು ಇಲ್ಲೇ.

ವಿಂಡೋಸ್ ತೆಗೆಯುವುದೇ, ಉಳಿಸುವುದೇ?

ಬ್ಯಾಕಪ್ ಇದೆ, ವಿಂಡೋಸ್ ಬೇಕಿಲ್ಲ ಎನ್ನುವವರಿಗೆ ಇನ್‌ಸ್ಟಾಲ್ ಸುಲಭ. ಇಡೀ ಡಿಸ್ಕ್ ಅಳಿಸಿ ಹಾಕುವ ಆಯ್ಕೆ ಒತ್ತಿದರೆ ಉಳಿದದ್ದನ್ನು ಇನ್‌ಸ್ಟಾಲರ್ ನೋಡಿಕೊಳ್ಳುತ್ತದೆ. ಯಂತ್ರದಲ್ಲಿ ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್ ಎರಡೂ ಇದ್ದರೆ ಯಾವುದನ್ನು ಅಳಿಸುತ್ತಿದ್ದೇವೆ ಎಂಬುದನ್ನು ಗಾತ್ರ ನೋಡಿ ಗುರುತಿಸಬೇಕು. ಅಳಿಸಿದ್ದು ಮರಳಿ ಬರುವುದಿಲ್ಲ.

ಎರಡನ್ನೂ ಇಟ್ಟುಕೊಳ್ಳುವುದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಯಂತ್ರ ಆನ್ ಆದಾಗ ಯಾವುದು ಬೇಕೆಂದು ಕೇಳುತ್ತದೆ. ಇದಕ್ಕೆ ವಿಂಡೋಸ್‌ನಲ್ಲೇ ಮಾಡಬೇಕಾದ ಮೂರು ಸಿದ್ಧತೆಗಳಿವೆ.

1. *ಬಿಟ್‌ಲಾಕರ್:* ಡಿಸ್ಕ್ ಗೂಢಲಿಪಿಯಲ್ಲಿದೆಯೇ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಇದು ಆನ್ ಆಗಿರಬಹುದು. 48 ಅಂಕಿಗಳ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಮೇಲೆ ಗೂಢಲಿಪಿಯನ್ನು ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಈ ಕೀ ಇಲ್ಲದೆ ಬೂಟ್ ವ್ಯವಸ್ಥೆ ಬದಲಿಸಿದವರು ತಮ್ಮದೇ ವಿಂಡೋಸ್‌ನ ಹೊರಗೆ ನಿಲ್ಲಬೇಕಾಗಬಹುದು.
2. *ಫಾಸ್ಟ್ ಸ್ಟಾರ್ಟಪ್:* ಪವರ್ ಸೆಟ್ಟಿಂಗ್‌ನಲ್ಲಿ ಇದನ್ನು ಆಫ್ ಮಾಡಿ. ಇದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ. ಆಗ ಅದರ ಡ್ರೈವ್‌ಗೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ.
3. *ಜಾಗ:* ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ 60ರಿಂದ 100 ಜಿಬಿ ಖಾಲಿ ಬಿಡಿ. ಆ ಜಾಗವನ್ನು ಫಾರ್ಮ್ಯಾಟ್ ಮಾಡಬೇಡಿ. ಇನ್‌ಸ್ಟಾಲರ್‌ನಲ್ಲಿ ವಿಂಡೋಸ್ ಜೊತೆಗೆ ಹಾಕುವ ಆಯ್ಕೆ ಒತ್ತಿ.

ಸೆಕ್ಯೂರ್ ಬೂಟ್ ಬಗ್ಗೆ ಹಳೆ ಲೇಖನಗಳು ಅದನ್ನು ಆಫ್ ಮಾಡಿ ಎನ್ನುತ್ತವೆ. ಉಬುಂಟು, ಮಿಂಟ್, ಫೆಡೋರಾ ಸಾಮಾನ್ಯವಾಗಿ ಅದು ಆನ್ ಇದ್ದರೂ ಓಡುತ್ತವೆ. ಮೊದಲು ಹಾಗೆಯೇ ಪ್ರಯತ್ನಿಸಿ, ಆಗದಿದ್ದರೆ ಮಾತ್ರ ಬದಲಿಸಿ.

ಇನ್‌ಸ್ಟಾಲ್ ಮಾಡುವಾಗ ಚಾರ್ಜರ್ ಸಿಕ್ಕಿಸಿರಲಿ. ಹಳೆ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಅಥವಾ ಇನ್ವರ್ಟರ್ ಇರುವ ಪ್ಲಗ್ ಬಳಸಿ. ಡಿಸ್ಕ್ ವಿಭಾಗಿಸುವ ಹೊತ್ತಿಗೆ ಕರೆಂಟ್ ಹೋದರೆ ಫಜೀತಿ. ಸಮಯ ವಲಯಕ್ಕೆ ಕೋಲ್ಕತ್ತ ಆರಿಸಿ, ಭಾರತದ ಸಮಯಕ್ಕೆ ಅದೇ ಹೆಸರು. ಮಾಧ್ಯಮ ಕೋಡೆಕ್ ಮತ್ತು ಇತರ ಡ್ರೈವರ್‌ಗಳನ್ನು ಹಾಕಲೇ ಎಂದು ಕೇಳಿದರೆ ಟಿಕ್ ಮಾಡಿ. ಡಿಸ್ಕ್ ಗೂಢಲಿಪಿ ಆರಿಸಿದರೆ ಪಾಸ್‌ವರ್ಡ್ ಮರೆಯುವಂತಿಲ್ಲ. ಮರೆತರೆ ಒಳಗಿನ ಫೈಲ್‌ಗಳು ಹೋದಂತೆಯೇ.

ಮೊದಲ ದಿನ ಮಾಡಬೇಕಾದ್ದು

ಮೊದಲು ಅಪ್‌ಡೇಟ್. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್, ಉಬುಂಟುವಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟರ್ ತೆರೆದು ಎಲ್ಲವನ್ನೂ ಹಾಕಿಕೊಳ್ಳಿ. ನಂತರ ಡ್ರೈವರ್ ಪುಟ ತೆರೆಯಿರಿ. ಎನ್ವಿಡಿಯಾ ಗ್ರಾಫಿಕ್ಸ್ ಅಥವಾ ಬ್ರಾಡ್‌ಕಾಮ್ ವೈಫೈ ಇದ್ದರೆ ಶಿಫಾರಸು ಮಾಡಿದ್ದನ್ನು ಅಲ್ಲಿಂದಲೇ ಆರಿಸಿ.

ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಸಾಧನವಿದೆ. ಇದು ವ್ಯವಸ್ಥೆಯ ಫೋಟೋ ತೆಗೆದಿಟ್ಟಂತೆ. ಅಪ್‌ಡೇಟ್‌ನಿಂದ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಆದರೆ ಇದು ನಿಮ್ಮ ಫೋಟೋ, ದಾಖಲೆಗಳ ಬ್ಯಾಕಪ್ ಅಲ್ಲ. ಅದಕ್ಕೆ ಹೊರಗಿನ ಡಿಸ್ಕ್ ಬೇಕೇ ಬೇಕು.

ತಂತ್ರಾಂಶ ಬೇಕಾದಾಗ ವೆಬ್‌ನಲ್ಲಿ ಹುಡುಕಿ ಇಳಿಸುವ ವಿಂಡೋಸ್ ಅಭ್ಯಾಸ ಬಿಡಬೇಕು. ಡಿಸ್ಟ್ರೋದ ಸಾಫ್ಟ್‌ವೇರ್ ಮಳಿಗೆಯಲ್ಲಿ ಮೊದಲು ಹುಡುಕಿ. ಅಲ್ಲಿಂದ ಹಾಕಿದ್ದಕ್ಕೆ ಅಪ್‌ಡೇಟ್ ಕೂಡ ಅಲ್ಲಿಂದಲೇ ಬರುತ್ತದೆ. ಎಲ್ಲೋ ಕಂಡ ಆಜ್ಞೆಯನ್ನು ಅರ್ಥವಾಗದೆ ಟರ್ಮಿನಲ್‌ಗೆ ಅಂಟಿಸುವುದು ಅಪರಿಚಿತರ ಕೈಗೆ ಮನೆ ಬೀಗದ ಕೈ ಕೊಟ್ಟಂತೆ.

ಡ್ಯುಯಲ್ ಬೂಟ್ ಮಾಡಿದವರಿಗೆ ಒಂದು ವಿಚಿತ್ರ ಕಾಣಬಹುದು. ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಯಂತ್ರ ಕೆಟ್ಟಿಲ್ಲ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯವನ್ನು ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ಭಾರತಕ್ಕೂ ಅದಕ್ಕೂ ಇರುವ ಅಂತರ ಐದೂವರೆ ಗಂಟೆ. ಲಿನಕ್ಸ್‌ನಲ್ಲಿ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ಇಡುವಂತೆ ಒಮ್ಮೆ ಹೊಂದಿಸಿದರೆ ಸರಿಹೋಗುತ್ತದೆ.

ಕನ್ನಡ ಟೈಪ್ ಮಾಡಲು

ಇಂದಿನ ಡಿಸ್ಟ್ರೋಗಳಲ್ಲಿ ಕನ್ನಡ ಓದಲು ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಅಕ್ಷರ ಚೆಂದ ಕಾಣದಿದ್ದರೆ ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳು ಮಿಂಟ್, ಉಬುಂಟು, ಡೆಬಿಯನ್‌ಗಳಲ್ಲಿ ಸಿಗುತ್ತವೆ.

ಬರೆಯಲು ಕೀಬೋರ್ಡ್ ಸೆಟ್ಟಿಂಗ್ ತೆರೆದು ಹೊಸ ವಿನ್ಯಾಸ ಸೇರಿಸುವಲ್ಲಿ ಕನ್ನಡ ಎಂದು ಹುಡುಕಿ. ಇನ್‌ಸ್ಕ್ರಿಪ್ಟ್ ಮಾದರಿಯ ಕನ್ನಡ ಮತ್ತು ಕಗಪ ಧ್ವನ್ಯಾತ್ಮಕ ವಿನ್ಯಾಸ ಎರಡೂ ಇವೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಜಾಡಿನಲ್ಲಿ ಬಂದದ್ದು ಇದು, ನುಡಿ ಬಳಸಿದವರಿಗೆ ಪರಿಚಿತ. ಇಲ್ಲಿನ ವಿನ್ಯಾಸ ಬೆರಳಿಗೆ ಸ್ವಲ್ಪ ಬೇರೆ ಎನಿಸಿದರೆ, ಮಳಿಗೆಯಿಂದ ಐಬಸ್-ಎಂ17ಎನ್ ಹಾಕಿಕೊಂಡು ಅದರಲ್ಲಿರುವ ಕೆಜಿಪಿ ವಿಧಾನ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡ ಪಡೆಯುವವರಿಗೆ ಅಲ್ಲೇ ಐಟ್ರಾನ್ಸ್ ಇದೆ. ಉಬುಂಟು ಮತ್ತು ಫೆಡೋರಾದಲ್ಲಿ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಕನ್ನಡ–ಇಂಗ್ಲಿಷ್ ಬದಲಾಗುತ್ತದೆ. ಇವೆಲ್ಲ ಯೂನಿಕೋಡ್ ಆದ್ದರಿಂದ ಬರೆದದ್ದು ಮುಂಬೈನ ಲ್ಯಾಪ್‌ಟಾಪ್‌ನಲ್ಲೂ ಮೈಸೂರಿನ ಫೋನ್‌ನಲ್ಲೂ ಒಂದೇ ರೀತಿ ಓದಬಹುದು.

ತೊಂದರೆ ಬಂದಾಗ

ಸಹಾಯ ಕೇಳುವಾಗ ‘ಕೆಲಸ ಮಾಡ್ತಿಲ್ಲ’ ಎಂದಷ್ಟೇ ಹೇಳಿದರೆ ಯಾರಿಗೂ ಉತ್ತರಿಸಲಾಗದು. ಡಿಸ್ಟ್ರೋ ಹೆಸರು ಮತ್ತು ಆವೃತ್ತಿ, ಲ್ಯಾಪ್‌ಟಾಪ್ ಮಾದರಿ, ಏನು ಮಾಡಿದಾಗ ಏನಾಯಿತು, ಪರದೆಯ ಮೇಲೆ ಬಂದ ಸಂದೇಶ ಇಷ್ಟನ್ನು ಕೊಟ್ಟರೆ ಅರ್ಧ ಪರಿಹಾರ ಸಿಕ್ಕಂತೆ. ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಅಳಿಸಬೇಡಿ. ಯಂತ್ರ ಏಳದೆ ಹೋದ ದಿನ ಅದರಿಂದಲೇ ಬೂಟ್ ಮಾಡಿ ಫೈಲ್‌ಗಳನ್ನು ಹೊರತೆಗೆಯಬಹುದು.

ಮೊದಲ ಎರಡು ವಾರ ಕೈ ತಡವರಿಸುವುದು ಸಹಜ. ಆ ಅವಧಿಯಲ್ಲಿ ಡಿಸ್ಟ್ರೋ ಬದಲಿಸುತ್ತಾ ಹೋಗದೆ ಒಂದರಲ್ಲೇ ನಿಂತು ದಿನದ ಕೆಲಸ ಮಾಡಿ ನೋಡಬೇಕು. ಆ ಬಳಿಕವೂ ಬೇಕಾದ ಕೆಲಸ ನಡೆಯುತ್ತಿಲ್ಲವೆಂದರೆ ವಿಂಡೋಸ್‌ಗೆ ಮರಳುವುದರಲ್ಲಿ ಅವಮಾನವಿಲ್ಲ. ನಡೆಯುತ್ತಿದೆಯೆಂದರೆ, ಮೂಲೆ ಸೇರಬೇಕಿದ್ದ ಲ್ಯಾಪ್‌ಟಾಪ್ ಇನ್ನೂ ಕೆಲವು ವರ್ಷ ಮನೆಯ ಕೆಲಸಕ್ಕೆ ಬರುತ್ತದೆ.